ಕಣ್ಣಿನ ಆಪರೇಷನ್‌ಗೆ ಹೃದಯದ ಮಾತು ಯಾಕೆ ಬರುತ್ತದೆ?

ಕಳೆದ ಬೇಸಿಗೆ ರಜೆಯಲ್ಲಿ ಪುಣೆಯ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ, ಆರು ವರ್ಷದ ಮಗಳಿಗೆ ಮರುದಿನ ಮೆಳ್ಳೆಗಣ್ಣಿನ ಆಪರೇಷನ್. ಒಪ್ಪಿಗೆ ಪತ್ರ ಇಂಗ್ಲಿಷ್ ಮತ್ತು ಮರಾಠಿಯಲ್ಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳುವುದು ನನ್ನ ಕೆಲಸ. ನಾಲ್ಕನೇ ಸಾಲಿಗೆ ಬಂದಾಗ ತಾಯಿ ತಡೆದರು. ಆ ಸಾಲಿನಲ್ಲಿ ಇದ್ದದ್ದು ಇಷ್ಟು: ಶಸ್ತ್ರಚಿಕಿತ್ಸೆಯ ವೇಳೆ ಹೃದಯ ಬಡಿತ ನಿಧಾನವಾಗಬಹುದು, ಅಪರೂಪಕ್ಕೆ ಕೆಲವು ಕ್ಷಣ ನಿಲ್ಲಲೂಬಹುದು.

"ಕಣ್ಣಿನ ಆಪರೇಷನ್ ಮಾಡಿದ್ರ ಎದಿ ಯಾಕ ನಿಂದರ್ತದ್ರೀ?" ಎಂದು ಕೇಳಿದರು ಆ ತಾಯಿ.

ನ್ಯಾಯವಾದ ಪ್ರಶ್ನೆ. ಆ ಸಾಲನ್ನು ಓದಿ ಹೆದರಿ ಆಪರೇಷನ್ ಬೇಡವೆಂದು ಮಗುವನ್ನು ವಾಪಸ್ ಕರೆದುಕೊಂಡು ಹೋದವರಿದ್ದಾರೆ. ಅರ್ಥವಾಗದೆಯೇ ಸಹಿ ಹಾಕಿದವರು ಅದಕ್ಕಿಂತ ಹೆಚ್ಚು. ಎರಡೂ ತಪ್ಪಬೇಕಾದರೆ ಆ ಸಾಲಿನ ಹಿಂದೆ ಏನಿದೆ ಎಂದು ತಿಳಿಯಬೇಕು.

ಮುಖದಿಂದ ಹೃದಯಕ್ಕೆ ಹೋಗುವ ದಾರಿ

ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಅವುಗಳಲ್ಲಿ ಐದನೆಯದು ಟ್ರೈಜೆಮಿನಲ್ ನರ. ಅದಕ್ಕೆ ಮೂರು ಕವಲುಗಳು. ಒಂದು ಹಣೆ ಮತ್ತು ಕಣ್ಣಿನ ಭಾಗಕ್ಕೆ, ಇನ್ನೊಂದು ಕೆನ್ನೆ, ಮೂಗು, ಮೇಲ್ದವಡೆಗೆ, ಮತ್ತೊಂದು ಕೆಳದವಡೆಗೆ ಹೋಗುತ್ತದೆ. ಮುಖದ ಮೇಲೆ ನೊಣ ಕೂತರೂ, ಹಲ್ಲು ನೋವು ಬಂದರೂ, ಕಣ್ಣಿಗೆ ಧೂಳು ಬಿದ್ದರೂ ಸುದ್ದಿ ಮುಟ್ಟಿಸುವುದು ಇದೇ ನರ. ಮುಖದ ಸ್ನಾಯುಗಳನ್ನು ಆಡಿಸುವ, ನಗಲು, ಕಣ್ಣು ಮುಚ್ಚಲು ಬೇಕಾದ ನರ ಬೇರೆ, ಅದು ಏಳನೆಯದು. ಮುಖ ಸೊಟ್ಟಗಾಗುವ ಕಾಯಿಲೆ ಆ ಏಳನೆಯ ನರದ್ದು. ನಮ್ಮ ಇಂದಿನ ವಿಷಯ ಐದನೆಯದರದ್ದು.

ಹತ್ತನೆಯ ನರದ ಹೆಸರು ವೇಗಸ್. ಅದು ಕುತ್ತಿಗೆಯ ಮೂಲಕ ಇಳಿದು ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೆ ಹೋಗುತ್ತದೆ. ಹೃದಯದ ಮಟ್ಟಿಗೆ ಅದು ಬ್ರೇಕ್ ಇದ್ದಂತೆ. ಒತ್ತಿದರೆ ಬಡಿತ ನಿಧಾನವಾಗುತ್ತದೆ.

ಈ ಎರಡು ನರಗಳು ಮೆದುಳಿನ ಕಾಂಡದಲ್ಲಿ ಸಂಧಿಸುತ್ತವೆ. ಕಣ್ಣಿನ ಸ್ನಾಯುವನ್ನು ಜೋರಾಗಿ ಎಳೆದಾಗ ಐದನೆಯ ನರ ಅಲ್ಲಿಗೆ ಸುದ್ದಿ ಒಯ್ಯುತ್ತದೆ, ಅಲ್ಲಿಂದ ವೇಗಸ್ ಮೂಲಕ ಹೃದಯಕ್ಕೆ ಬ್ರೇಕ್ ಬೀಳುತ್ತದೆ. ಇದಕ್ಕೆ ಯೋಚನೆ ಬೇಕಿಲ್ಲ, ಎಚ್ಚರವೂ ಬೇಕಿಲ್ಲ. ಬಿಸಿ ಪಾತ್ರೆ ಮುಟ್ಟಿದ ಕೈ ತಾನಾಗಿ ಹಿಂದೆ ಬರುವ ಹಾಗೆ ಇದೂ ಒಂದು ಪ್ರತಿವರ್ತನೆ. ಕಣ್ಣಿನಿಂದ ಶುರುವಾದರೆ ವೈದ್ಯರು ಇದನ್ನು ಆಕ್ಯುಲೋಕಾರ್ಡಿಯಾಕ್ ರಿಫ್ಲೆಕ್ಸ್ ಎನ್ನುತ್ತಾರೆ. ಐದನೆಯ ನರದ ಯಾವುದೇ ಭಾಗದಿಂದ ಶುರುವಾಗುವುದಕ್ಕೆ ಒಟ್ಟಾರೆ ಹೆಸರು ಟ್ರೈಜೆಮಿನೋಕಾರ್ಡಿಯಾಕ್ ರಿಫ್ಲೆಕ್ಸ್.

ಸಾಮಾನ್ಯವಾಗಿ ಬಡಿತ 20%ಕ್ಕಿಂತ ಹೆಚ್ಚು ಇಳಿದರೆ ಅದನ್ನು ಪ್ರತಿವರ್ತನೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಿಮಿಷಕ್ಕೆ 110 ಬಡಿಯುತ್ತಿದ್ದ ಮಗುವಿನ ಹೃದಯ 88ಕ್ಕಿಂತ ಕೆಳಗೆ ಬಂತು ಎಂದಿಟ್ಟುಕೊಳ್ಳಿ. ಜೊತೆಗೆ ರಕ್ತದೊತ್ತಡ ಇಳಿಯಬಹುದು, ಉಸಿರು ಒಂದು ಕ್ಷಣ ತಡೆಯಬಹುದು, ಹೊಟ್ಟೆ ತೊಳಸಬಹುದು.

ಇಂಥದ್ದೊಂದು ವ್ಯವಸ್ಥೆ ದೇಹದಲ್ಲಿ ಯಾಕಿದೆ? ನೀರಿನಲ್ಲಿ ಮುಳುಗುವ ಸೀಲ್ ಪ್ರಾಣಿಯನ್ನು ನೆನೆಯಿರಿ. ಮುಖಕ್ಕೆ ತಣ್ಣೀರು ತಾಗಿದ ಕೂಡಲೇ ಅದರ ಉಸಿರು ನಿಲ್ಲುತ್ತದೆ, ಹೃದಯ ನಿಧಾನವಾಗುತ್ತದೆ, ಇರುವ ಆಮ್ಲಜನಕ ಉಳಿತಾಯವಾಗುತ್ತದೆ. ಮನುಷ್ಯರಲ್ಲೂ ಅದರ ಒಂದು ಪಾಲು ಉಳಿದಿದೆ. ಕೆಲವು ಬಗೆಯಲ್ಲಿ ಹೃದಯ ಅತಿ ವೇಗವಾಗಿ ಓಡುವ ಶಿಶುಗಳಿಗೆ ಆಸ್ಪತ್ರೆಯಲ್ಲಿ ಮುಖದ ಮೇಲೆ ಮಂಜುಗಡ್ಡೆಯ ಚೀಲ ಕೆಲವು ಸೆಕೆಂಡ್ ಇಡುವುದೂ ಇದೇ ತತ್ವದ ಮೇಲೆ.

ಇದು ಹೊಸ ಸಂಗತಿಯಲ್ಲ

"ಹಿಂದೆಲ್ಲ ಹೀಗೆ ಕೇಳಿರಲಿಲ್ಲ, ಈಗಿನ ಔಷಧಿಗಳಿಂದಲೇ ಇದೆಲ್ಲ" ಎನ್ನುವವರಿದ್ದಾರೆ. ಹಾಗಲ್ಲ. ಮೂಗಿನ ಒಳಪೊರೆಯನ್ನು ಕೆಣಕಿದರೆ ಪ್ರಾಣಿಗಳ ಉಸಿರು ಮತ್ತು ಹೃದಯ ಬದಲಾಗುವುದನ್ನು ಕ್ರಾಚ್‌ಮರ್ 1870ರಲ್ಲೇ ಬರೆದಿದ್ದರು. ಕಣ್ಣುಗುಡ್ಡೆ ಒತ್ತಿದರೆ ನಾಡಿ ನಿಧಾನವಾಗುವುದನ್ನು 1908ರಲ್ಲಿ ಆಸ್ಟ್ರಿಯಾದ ಆಶ್ನರ್ ಮತ್ತು ಇಟಲಿಯ ದಾಗ್ನಿನಿ ಬೇರೆ ಬೇರೆಯಾಗಿ ವರದಿ ಮಾಡಿದರು. ಮೆದುಳಿನ ಬುಡದ ಗೆಡ್ಡೆಗಳ ಶಸ್ತ್ರಚಿಕಿತ್ಸೆಯಲ್ಲೂ ಇದೇ ಆಗುತ್ತದೆ ಎಂದು ಶಾಲರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಅವರು ನೋಡಿದ 125 ರೋಗಿಗಳಲ್ಲಿ 14 ಮಂದಿಗೆ ಹೀಗಾಗಿತ್ತು.

ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಇದು ಅದಕ್ಕಿಂತ ಸಾಮಾನ್ಯ. ಎಷ್ಟು ಸಾಮಾನ್ಯ ಎಂಬುದು ಕೊಟ್ಟ ಅರಿವಳಿಕೆ, ಮಗುವಿನ ವಯಸ್ಸು, ಲೆಕ್ಕ ಹಾಕುವ ಕ್ರಮ ಇವುಗಳ ಮೇಲೆ ತುಂಬಾ ವ್ಯತ್ಯಾಸವಾಗುತ್ತದೆ. ಬಹುತೇಕ ಸಲ ಬಡಿತ ಸ್ವಲ್ಪ ಇಳಿದು ತಾನಾಗಿ ಸರಿಹೋಗುತ್ತದೆ. ಹೃದಯ ನಿಲ್ಲುವಷ್ಟು ತೀವ್ರವಾಗುವುದು ಅಪರೂಪ. ಆದರೆ ಆ ಅಪರೂಪಕ್ಕಾಗಿಯೇ ಒಪ್ಪಿಗೆ ಪತ್ರದಲ್ಲಿ ಆ ಸಾಲು ಇರುತ್ತದೆ.

ಎಲ್ಲೆಲ್ಲಿ ಇದರ ಸಾಧ್ಯತೆ ಇದೆ?

ಮೆಳ್ಳೆಗಣ್ಣು ಸರಿಪಡಿಸುವಾಗ, ರೆಟಿನಾ ಕಳಚಿದ್ದಕ್ಕೆ ಕಣ್ಣಿನ ಸುತ್ತ ಪಟ್ಟಿ ಕಟ್ಟುವಾಗ, ಕಣ್ಣುಗುಡ್ಡೆಯನ್ನು ತೆಗೆಯುವಾಗ ಸಾಧ್ಯತೆ ಹೆಚ್ಚು. ಕೆನ್ನೆ ಅಥವಾ ದವಡೆಯ ಮೂಳೆ ಕೂಡಿಸುವಾಗ, ಮೂಗಿಗೆ ಪ್ಯಾಕ್ ತುಂಬುವಾಗ, ಕೆಲವೊಮ್ಮೆ ಹಲ್ಲು ಕೀಳುವಾಗಲೂ ಆಗಬಹುದು. ಮುಖದಲ್ಲಿ ಕರೆಂಟ್ ಹೊಡೆದಂತೆ ನೋವು ಬರುವ ಟ್ರೈಜೆಮಿನಲ್ ನ್ಯೂರಾಲ್ಜಿಯಾಕ್ಕೆ ಸೂಜಿ ಅಥವಾ ಬಲೂನಿನ ಚಿಕಿತ್ಸೆ ಮಾಡುವಾಗ ಇದು ಬರಬಹುದೆಂದು ವೈದ್ಯರು ಮೊದಲೇ ಸಿದ್ಧರಾಗಿರುತ್ತಾರೆ. ಹನಿ ಹಾಕಿ ಮರಗಟ್ಟಿಸಿ ಮಾಡುವ ಸಾಮಾನ್ಯ ಪೊರೆ ಆಪರೇಷನ್‌ನಲ್ಲಿ ಸ್ನಾಯುಗಳನ್ನು ಎಳೆಯುವುದಿಲ್ಲವಾದ್ದರಿಂದ ಸಾಧ್ಯತೆ ಕಡಿಮೆ.

ಪೋಷಕರು ತಿಳಿದಿರಬೇಕಾದ ಎರಡು ಸಂದರ್ಭಗಳಿವೆ.

ಒಂದು, ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ಪರೀಕ್ಷೆ. ನಮ್ಮ ದೇಶದಲ್ಲಿ 34 ವಾರಕ್ಕಿಂತ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುಗಳಿಗೆ 30 ದಿನ ತುಂಬುವುದರೊಳಗೆ ಈ ಪರೀಕ್ಷೆ ಆಗಬೇಕು. ಇನ್ನೂ ಚಿಕ್ಕ ಶಿಶುಗಳಿಗೆ ಅದಕ್ಕಿಂತ ಬೇಗ. ಕರ್ನಾಟಕದಲ್ಲಿ 2008ರಿಂದ ಕಿಡ್‌ರಾಪ್ ಎಂಬ ಯೋಜನೆಯ ತಂಡಗಳು ಜಿಲ್ಲೆಗಳಿಗೇ ಹೋಗಿ ಈ ಪರೀಕ್ಷೆ ಮಾಡುತ್ತಾ ಬಂದಿವೆ. ಪರೀಕ್ಷೆಯ ವೇಳೆ ಶಿಶುವಿನ ಬಡಿತ ಅಥವಾ ಉಸಿರು ಸ್ವಲ್ಪ ಹೊತ್ತು ನಿಧಾನವಾಗಬಹುದು. ಹಾಗಂತ ಪರೀಕ್ಷೆ ತಪ್ಪಿಸಬೇಡಿ. ತಪ್ಪಿದರೆ ಹೋಗುವುದು ದೃಷ್ಟಿ. ಶಿಶುವನ್ನು ಗಮನಿಸಲು ನರ್ಸ್ ಮತ್ತು ಮಾನಿಟರ್ ಇದೆಯೇ, ಹಾಲು ಎಷ್ಟು ಹೊತ್ತಿನ ಮುಂಚೆ ಕುಡಿಸಬೇಕು ಎಂದು ಕೇಳಿ, ಸಾಕು.

ಎರಡು, ಕಣ್ಣಿಗೆ ಚೆಂಡು ಅಥವಾ ಮೊಣಕೈ ತಾಗಿದ ಮಗು. ಕಣ್ಣು ಬೆಳ್ಳಗೇ ಇದೆ, ಹೊರಗೆ ದೊಡ್ಡ ಗಾಯವಿಲ್ಲ, ಆದರೆ ಮಗು ವಾಂತಿ ಮಾಡುತ್ತಿದೆ, ಮಂಕಾಗಿದೆ, ಮೇಲೆ ಕೆಳಗೆ ನೋಡಲು ಆಗುತ್ತಿಲ್ಲ, ನಾಡಿ ನಿಧಾನ. ಕಣ್ಣಿನ ಗೂಡಿನ ತಳದ ತೆಳು ಮೂಳೆ ಬಿರಿದು ಸ್ನಾಯು ಅದರಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಇದನ್ನು ತಲೆಗೆ ಬಿದ್ದ ಪೆಟ್ಟು ಎಂದಷ್ಟೇ ಭಾವಿಸಿ ಕಾಯುವುದುಂಟು. ತಲೆಯ ಜೊತೆಗೆ ಕಣ್ಣನ್ನೂ ನೋಡಿ ಎಂದು ತುರ್ತು ವಿಭಾಗದಲ್ಲಿ ಹೇಳಿ. ಮಕ್ಕಳಲ್ಲಿ ಇದಕ್ಕೆ ಬೇಗ ಚಿಕಿತ್ಸೆ ಬೇಕು.

ಆಗ ವೈದ್ಯರು ಏನು ಮಾಡುತ್ತಾರೆ?

ಮೊದಲ ಚಿಕಿತ್ಸೆ ಔಷಧಿಯೇ ಅಲ್ಲ. ಮಾನಿಟರ್‌ನ ಬೀಪ್ ಸದ್ದು ನಿಧಾನವಾದ ಕೂಡಲೇ ಅರಿವಳಿಕೆ ತಜ್ಞರು "ಬಿಡಿ" ಎನ್ನುತ್ತಾರೆ, ಶಸ್ತ್ರಚಿಕಿತ್ಸಕರು ಹಿಡಿದ ಸ್ನಾಯುವನ್ನು ಬಿಡುತ್ತಾರೆ. ಹೆಚ್ಚಿನ ಸಲ ಕೆಲವೇ ಸೆಕೆಂಡ್‌ಗಳಲ್ಲಿ ಬಡಿತ ಮೇಲೇರುತ್ತದೆ. ಆ ಹೊತ್ತಿನಲ್ಲಿ ಆಮ್ಲಜನಕ ಸರಿಯಾಗಿ ಹೋಗುತ್ತಿದೆಯೇ, ಅರಿವಳಿಕೆ ಸಾಕಷ್ಟು ಗಾಢವಾಗಿದೆಯೇ ಎಂದು ನೋಡುತ್ತಾರೆ. ಮತ್ತೆ ಮತ್ತೆ ಎಳೆದಾಗ ಪ್ರತಿವರ್ತನೆ ತಾನೇ ದಣಿಯುವುದೂ ಉಂಟು.

ಸಾಲದಿದ್ದರೆ ಅಟ್ರೋಪಿನ್ ಅಥವಾ ಗ್ಲೈಕೊಪೈರೊಲೇಟ್ ಇಂಜೆಕ್ಷನ್. ಇವು ವೇಗಸ್ ಒತ್ತುವ ಬ್ರೇಕನ್ನು ಸಡಿಲಿಸುತ್ತವೆ. ಎರಡೂ ಹಳೆಯ, ಅಗ್ಗದ ಔಷಧಿಗಳು. ಸ್ನಾಯುವಿನ ಸುತ್ತ ಮರಗಟ್ಟಿಸುವ ಔಷಧಿ ಕೊಟ್ಟು ಸುದ್ದಿಯನ್ನು ಮೂಲದಲ್ಲೇ ತಡೆಯುವ ದಾರಿಯೂ ಇದೆ.

ಅಂದರೆ ಅಪಾಯ ಇರುವುದು ಬಡಿತ ಇಳಿಯುವುದರಲ್ಲಿ ಅಷ್ಟಾಗಿ ಅಲ್ಲ, ಇಳಿದದ್ದನ್ನು ಯಾರೂ ಗಮನಿಸದೇ ಇರುವುದರಲ್ಲಿ. ಬಡಿತ ಇಳಿದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎನ್ನಲಾಗದು. ಆದರೆ ಅರಿವಳಿಕೆ ಅಥವಾ ಮಂಪರು ಔಷಧಿ ಕೊಟ್ಟು ಮಾನಿಟರ್ ಹಾಕದೆ, ಹೃದಯ ನೋಡಿಕೊಳ್ಳಲೆಂದೇ ಒಬ್ಬರನ್ನು ಇಡದೆ ಕೆಲಸ ಮಾಡಿದರೆ ಅದನ್ನು ಪ್ರಶ್ನಿಸಲೇಬೇಕು.

ಕಣ್ಣಿನ ಹನಿಯೂ ಔಷಧಿಯೇ

ಇನ್ನು ನನ್ನ ಕ್ಷೇತ್ರದ ಮಾತು. ಈ ಪ್ರತಿವರ್ತನೆ ಯಾರಲ್ಲಿ ಜೋರಾಗುತ್ತದೆ? ಮಕ್ಕಳಲ್ಲಿ ವೇಗಸ್ ಚುರುಕಾಗಿರುವುದರಿಂದ ಹೆಚ್ಚು. ದೊಡ್ಡವರಲ್ಲಿ, ಹೃದಯವನ್ನು ಮೊದಲೇ ನಿಧಾನಗೊಳಿಸಿರುವ ಔಷಧಿ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಬಿಪಿ ಮತ್ತು ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್, ವೆರಪಮಿಲ್, ಡಿಗಾಕ್ಸಿನ್, ಐವಾಬ್ರಡಿನ್ ಈ ಗುಂಪಿನವು. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಕೂಡ ಬಡಿತವನ್ನು ತಗ್ಗಿಸಬಲ್ಲದು.

ಮಾತ್ರೆಗಳನ್ನು ಜನ ಹೇಳುತ್ತಾರೆ. ಹೇಳದೇ ಬಿಡುವುದು ಕಣ್ಣಿನ ಹನಿಯನ್ನು. ಗ್ಲಾಕೋಮಾಕ್ಕೆ ತುಂಬಾ ಬಳಕೆಯಲ್ಲಿರುವ ಟಿಮೊಲಾಲ್ ಹನಿ ಅಟೆನೊಲಾಲ್ ಕುಲದ್ದೇ, ಅಂದರೆ ಬೀಟಾ ಬ್ಲಾಕರ್. ಕಣ್ಣಿಗೆ ಹಾಕಿದ ಹನಿಯ ಒಂದು ಪಾಲು ಕಣ್ಣೀರಿನ ನಾಳದ ಮೂಲಕ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆಯ ಹಾಗೆ ಮೊದಲು ಲಿವರ್ ದಾಟಿ ಬರುವುದಿಲ್ಲ. ಹಾಗಾಗಿ ಹನಿ ಚಿಕ್ಕದಾದರೂ ಕೆಲವರಲ್ಲಿ ಹೃದಯ ಬಡಿತ ತಗ್ಗುತ್ತದೆ, ಆಸ್ತಮಾ ಇದ್ದವರಿಗೆ ಉಸಿರು ಕಟ್ಟುತ್ತದೆ. ಟಿಮೊಲಾಲ್ ಅನೇಕ ಸಲ ಡಾರ್ಜೊಲಮೈಡ್, ಬ್ರಿಮೊನಿಡಿನ್, ಬೈಮಾಟೊಪ್ರಾಸ್ಟ್ ಮುಂತಾದವುಗಳ ಜೊತೆ ಒಂದೇ ಬಾಟಲಿಯಲ್ಲಿ ಬರುತ್ತದೆ. ಬ್ರ್ಯಾಂಡ್ ಹೆಸರು ನೋಡಿದರೆ ಒಳಗೆ ಅದಿದೆ ಎಂದು ಗೊತ್ತಾಗುವುದಿಲ್ಲ.

"ಬೇರೆ ಯಾವ ಔಷಧಿ ತಗೊಳ್ತೀರಾ?" ಎಂದು ಕೇಳಿದಾಗ "ಏನೂ ಇಲ್ಲ" ಎಂದ ಅಜ್ಜಿಯ ಸೊಂಟದ ಚೀಲದಲ್ಲಿ ಟಿಮೊಲಾಲ್ ಬಾಟಲಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಲೆಕ್ಕದಲ್ಲಿ ನುಂಗುವುದು ಔಷಧಿ, ಹಾಕಿಕೊಳ್ಳುವುದು ಬರೀ ಹನಿ.

ಈ ಭಾವನೆ ಎಷ್ಟು ವ್ಯಾಪಕ ಎಂಬುದು 2024ರಲ್ಲಿ ದೇಶಕ್ಕೇ ಕಾಣಿಸಿತು. ಆ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಔಷಧ ನಿಯಂತ್ರಕರು 1.25% ಪಿಲೊಕಾರ್ಪಿನ್ ಇರುವ ಒಂದು ಹನಿಗೆ ಅನುಮತಿ ಕೊಟ್ಟರು. ಓದುವ ಕನ್ನಡಕವೇ ಬೇಡ ಎಂಬಂಥ ಸುದ್ದಿ ಹಬ್ಬಿತು. ವೈದ್ಯರ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿಯನ್ನು ಜನ ಅಂಗಡಿಗೆ ಹೋಗಿ ಕೇಳತೊಡಗುವ ಸ್ಥಿತಿ ಬಂತು. ಒಪ್ಪಿಗೆ ಪಡೆಯದ ಪ್ರಚಾರದ ಕಾರಣ ಕೊಟ್ಟು ಸೆಪ್ಟೆಂಬರ್‌ನಲ್ಲಿ ಆ ಅನುಮತಿಯನ್ನು ಅಮಾನತು ಮಾಡಲಾಯಿತು. ಪಿಲೊಕಾರ್ಪಿನ್ ವೇಗಸ್ ನರದ ರಾಸಾಯನಿಕವನ್ನೇ ಅನುಕರಿಸುವ ಔಷಧಿ. ಹನಿಯ ಪ್ರಮಾಣದಲ್ಲಿ ಅದು ಹೃದಯಕ್ಕೆ ತೊಂದರೆ ಕೊಡುವುದು ಅಪರೂಪವಾದರೂ ಅರಿವಳಿಕೆ ತಜ್ಞರಿಗೆ ಅದು ಗೊತ್ತಿರಬೇಕು.

ಒಂದು ಎಚ್ಚರಿಕೆ. ಇದನ್ನು ಓದಿ ಬಿಪಿ ಮಾತ್ರೆಯನ್ನೋ ಗ್ಲಾಕೋಮಾ ಹನಿಯನ್ನೋ ನೀವಾಗಿ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಹೃದಯಕ್ಕೆ ಅದೇ ಅಪಾಯ. ಹನಿ ನಿಲ್ಲಿಸಿದರೆ ಕಣ್ಣಿನ ಒತ್ತಡ ಏರುತ್ತದೆ. ನಿಮ್ಮ ಕೆಲಸ ಹೇಳುವುದು, ಮುಂದುವರಿಸಬೇಕೋ ಬಿಡಬೇಕೋ ಎಂಬ ತೀರ್ಮಾನ ವೈದ್ಯರದ್ದು.

ಭಾಷೆಯ ಚರ್ಚೆಯಲ್ಲಿ ಬಿಟ್ಟುಹೋದ ಅರ್ಧ

2024ರ ಸೆಪ್ಟೆಂಬರ್‌ನಲ್ಲೇ ಇನ್ನೊಂದು ಸುದ್ದಿ ಇತ್ತು. ಸರ್ಕಾರಿ ಆಸ್ಪತ್ರೆಗಳ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತೆ ಮಾಡಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಕರ್ನಾಟಕದ ಆರೋಗ್ಯ ಸಚಿವರನ್ನು ಕೋರಿತು. ಪರ ವಿರೋಧ ಮಾತುಗಳು ಬಂದವು. ನನ್ನ ಮಟ್ಟಿಗೆ ಹೇಳುವುದಾದರೆ, ಔಷಧಿಯ ಹೆಸರು ಯಾವ ಊರಿನ ಅಂಗಡಿಯಲ್ಲೂ ಒಂದೇ ರೀತಿ ಓದುವಂತಿರಬೇಕು, ಸೇವಿಸುವ ವಿಧಾನ ರೋಗಿಯ ಭಾಷೆಯಲ್ಲಿರಬೇಕು. ಎರಡೂ ಒಂದೇ ಚೀಟಿಯಲ್ಲಿ ಸಾಧ್ಯ.

ಆದರೆ ಆ ಚರ್ಚೆ ವೈದ್ಯರಿಂದ ರೋಗಿಯ ಕಡೆಗೆ ಬರುವ ಮಾತಿನ ಬಗ್ಗೆ ಮಾತ್ರ ನಡೆಯಿತು. ರೋಗಿಯಿಂದ ವೈದ್ಯರ ಕಡೆಗೆ ಹೋಗಬೇಕಾದ ಮಾತು? ಅಜ್ಜಿಯ ಸೊಂಟದ ಚೀಲದ ಹನಿ, ಹಿಂದೊಮ್ಮೆ ಹಲ್ಲು ಕೀಳಿಸುವಾಗ ತಲೆಸುತ್ತಿ ಬಿದ್ದದ್ದು, ಮನೆಯಲ್ಲಿ ಯಾರಿಗೋ ಅರಿವಳಿಕೆಯಲ್ಲಿ ತೊಂದರೆಯಾದದ್ದು. ಇವು ಮುಟ್ಟದಿದ್ದರೆ ಅರಿವಳಿಕೆ ತಜ್ಞರು ಅರ್ಧ ಕತ್ತಲಲ್ಲಿ ಕೆಲಸ ಮಾಡಬೇಕಾಗುತ್ತದೆ. ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಯ ಕನ್ನಡಿಗರಿಗೆ ಈ ಅಂತರ ಇನ್ನೂ ದೊಡ್ಡದು. ಮಗನ ಮನೆಗೆಂದು ಊರಿಂದ ಬಂದ ತಂದೆತಾಯಿಯ ಹಳೆಯ ಚೀಟಿಗಳು ಊರಲ್ಲೇ ಉಳಿದಿರುತ್ತವೆ, ಅವರ ಭಾಷೆ ಇಲ್ಲಿನ ಕೌಂಟರಿನಲ್ಲಿ ನಡೆಯುವುದಿಲ್ಲ.

ಕಾನೂನು ನಿಮ್ಮ ಕಡೆಗೇ ಇದೆ. ಒಪ್ಪಿಗೆ ಎಂದರೆ ಬರೀ ಸಹಿಯಲ್ಲ, ಸಾಕಷ್ಟು ಮಾಹಿತಿ ಪಡೆದು ಕೊಟ್ಟ ನಿಜವಾದ ಒಪ್ಪಿಗೆಯಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ, 2019ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಕಳುಹಿಸಿದ ರೋಗಿಗಳ ಹಕ್ಕುಗಳ ಸನ್ನದು ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು ಎನ್ನುತ್ತದೆ. ಆದರೂ ಕನ್ನಡ ಬಲ್ಲವರನ್ನು ಪ್ರತಿ ಆಸ್ಪತ್ರೆಯೂ ಇಟ್ಟುಕೊಂಡಿರುವುದಿಲ್ಲ. ಮನೆಯವರು ಯಾರಾದರೂ ಮುಂದೆ ನಿಲ್ಲಲೇಬೇಕಾಗುತ್ತದೆ. ನಿಲ್ಲುವವರು ಹತ್ತು ವರ್ಷದ ಮಗನಾಗದಿರಲಿ. ಅವನು ತನಗೆ ಭಯವಾಗುವ ಮಾತನ್ನು ಬಿಟ್ಟು ಹೇಳುತ್ತಾನೆ.

ಆಪರೇಷನ್‌ಗೆ ಮುಂಚೆ

ಹೋಗುವಾಗ ಚೀಟಿಯನ್ನು ನಂಬಬೇಡಿ, ಬಾಟಲಿ ಮತ್ತು ಮಾತ್ರೆ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಾತ್ರೆ, ಕಣ್ಣಿನ ಹನಿ, ಇನ್‌ಹೇಲರ್, ಮೂಗಿನ ಸ್ಪ್ರೇ, ನಾಟಿ ಔಷಧಿ ಎಲ್ಲವೂ ಅದರಲ್ಲಿರಲಿ. ಅರಿವಳಿಕೆ ತಜ್ಞರ ಮುಂದೆ ಆ ಚೀಲವನ್ನು ಮೇಜಿನ ಮೇಲೆ ಸುರಿಯಿರಿ. ಭಾಷೆ ಬಾರದಿದ್ದರೂ ಬಾಟಲಿ ಮಾತಾಡುತ್ತದೆ.

ಇಷ್ಟನ್ನು ಹೇಳಿ: ಮೊದಲು ಯಾವಾಗಲಾದರೂ ತಲೆಸುತ್ತಿ ಬಿದ್ದದ್ದು ಇದೆಯೇ, ನಾಡಿ ನಿಧಾನ ಎಂದು ಯಾರಾದರೂ ಹೇಳಿದ್ದಾರೆಯೇ, ಪೇಸ್‌ಮೇಕರ್ ಇದೆಯೇ, ಮಗುವಿಗೆ ಹುಟ್ಟಿನಿಂದ ಹೃದಯದ ತೊಂದರೆ ಇದೆಯೇ, ಹಿಂದಿನ ಅರಿವಳಿಕೆಯಲ್ಲಿ ಏನಾದರೂ ಆಗಿತ್ತೇ.

ಇಷ್ಟನ್ನು ಕೇಳಿ: ಅರಿವಳಿಕೆ ಕೊಡುವವರು ಯಾರು? ಚಿಕಿತ್ಸೆ ಮುಗಿಯುವವರೆಗೂ ಅವರು ಕೋಣೆಯಲ್ಲೇ ಇರುತ್ತಾರೆಯೇ? ಹೃದಯ ಮತ್ತು ಆಮ್ಲಜನಕದ ಮಾನಿಟರ್ ಹಾಕುತ್ತೀರಾ? ಬಡಿತ ಇಳಿದರೆ ಕೊಡುವ ಔಷಧಿ ಕೈಗೆಟಕುವಂತೆ ಇದೆಯೇ? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಮನೆಗೆ ಬಂದ ಮೇಲೆ

ಅಟ್ರೋಪಿನ್ ಕೊಟ್ಟಿದ್ದರೆ ಕೆಲವು ಗಂಟೆ ಮಗುವಿನ ಬಾಯಿ ಒಣಗಬಹುದು, ಮುಖ ಕೆಂಪಾಗಬಹುದು, ಮೈ ಬೆಚ್ಚಗಾಗಬಹುದು, ನಾಡಿ ಜೋರಾಗಿರಬಹುದು. ಬಿಡುಗಡೆಯ ವೇಳೆ ಯಾವ ಔಷಧಿ ಕೊಟ್ಟಿರಿ ಎಂದು ಕೇಳಿಕೊಂಡಿದ್ದರೆ ಇದಕ್ಕೆ ಗಾಬರಿಯಾಗುವುದಿಲ್ಲ. ಮೆಳ್ಳೆಗಣ್ಣಿನ ಆಪರೇಷನ್ ನಂತರ ವಾಂತಿಯೂ ಸಾಮಾನ್ಯ. ಆದರೆ ವಾಂತಿ ನಿಲ್ಲದಿದ್ದರೆ, ಮಗು ಎಬ್ಬಿಸಿದರೂ ಏಳದಿದ್ದರೆ, ತುಟಿ ನೀಲಿಯಾದರೆ, ತಲೆಸುತ್ತಿ ಬಿದ್ದರೆ, ಜ್ವರ ಏರುತ್ತಲೇ ಹೋದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕಣ್ಣುಗುಡ್ಡೆಯನ್ನು ಎಂದೂ ಒತ್ತಬೇಡಿ. ಹೃದಯ ಜೋರಾಗಿ ಬಡಿಯುವಾಗ ಕಣ್ಣು ಒತ್ತಿದರೆ ಸರಿಹೋಗುತ್ತದೆ ಎಂಬ ಹಳೆಯ ಉಪಾಯ ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ರೆಟಿನಾಕ್ಕೆ ಹಾನಿಯಾಗುವುದರಿಂದ ವೈದ್ಯರು ಅದನ್ನು ಬಿಟ್ಟಿದ್ದಾರೆ. ಗ್ಲಾಕೋಮಾ ಹನಿ ಹಾಕುವವರು ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಮೆಲ್ಲಗೆ ಅದುಮಿ ಹಿಡಿಯಬಹುದು. ಔಷಧಿ ಕಣ್ಣಲ್ಲೇ ಉಳಿಯುತ್ತದೆ, ರಕ್ತಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಆಪರೇಷನ್ ಆದ ಹೊಸದರಲ್ಲಿ ಮಾತ್ರ ಹೀಗೆ ಮಾಡುವ ಮುಂಚೆ ವೈದ್ಯರನ್ನು ಕೇಳಿ.

ಆ ತಾಯಿಗೆ ನಾನು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕಣ್ಣಿನ ನರ, ಎದಿಯ ನರ ಎರಡೂ ತಲೆಯೊಳಗ ಒಂದ ಕಡೆ ಕೂಡ್ತಾವ್ರೀ. ಕಣ್ಣು ಎಳದ್ರ ಎದಿಗೆ ಗೊತ್ತಾಗ್ತದ. ಡಾಕ್ಟರ್ ಕೈ ಬಿಟ್ರ ಸರಿ ಆಗ್ತದ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೋಡ್ಲಿಕ್ಕ ಒಬ್ರು ಇರ್ತಾರಲ್ರೀ?" ಎಂದರು. ಆ ಪ್ರಶ್ನೆಯನ್ನು ನಾನು ಅರಿವಳಿಕೆ ವೈದ್ಯೆಗೆ ಮರಾಠಿಯಲ್ಲಿ ದಾಟಿಸಿದೆ. "ನಾನೇ ಇರುತ್ತೇನೆ, ಮುಗಿಯುವವರೆಗೆ" ಎಂದರು ಅವರು. ಆಮೇಲೆಯೇ ತಾಯಿ ಸಹಿ ಹಾಕಿದ್ದು.

ಮರುದಿನ ಸಂಜೆ ಮತ್ತೆ ಫೋನ್ ಬಂತು. ಒಮ್ಮೆ ಬಡಿತ ಇಳಿದಿತ್ತಂತೆ. ಸ್ನಾಯು ಬಿಟ್ಟ ಕೂಡಲೇ ಏರಿತಂತೆ. ಹುಡುಗಿ ಐಸ್‌ಕ್ರೀಮ್ ಕೇಳುತ್ತಿದ್ದಾಳೆ, ಕೊಡಬಹುದೇ ಎಂಬುದು ಆ ಕರೆಯ ಮುಖ್ಯ ಪ್ರಶ್ನೆಯಾಗಿತ್ತು.

ಈ ಬರಹ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ಔಷಧಿ ಅಥವಾ ಚಿಕಿತ್ಸೆಯಲ್ಲಿ ಯಾವುದೇ ಬದಲಾವಣೆಗೆ ಮುಂಚೆ ನಿಮ್ಮ ವೈದ್ಯರೊಂದಿಗೆ ಮಾತಾಡಿ.